ನಿಮ್ಮ ದೇವಸ್ಥಾನ ಜೈಲು ಸುಧಾರಣೆಯ ಸರ್ವಧರ್ಮ ಒಕ್ಕೂಟ ಸೇರುವುದು ಹೇಗೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವಿಸ್‌ಡಮ್ ಅಂತ ಒಂದು ಒಕ್ಕೂಟವಿದೆ. ಬೇರೆ ಬೇರೆ ಧರ್ಮಗಳ ಪ್ರಾರ್ಥನಾ ಮಂದಿರಗಳು ಸೇರಿ ಕಟ್ಟಿಕೊಂಡಿದ್ದು. ರಾಜ್ಯದ ಜೈಲುಗಳಲ್ಲಿದ್ದ ಸುಮಾರು 22,000 ಕೈದಿಗಳ ಸಂಖ್ಯೆಯನ್ನು 2015ರೊಳಗೆ 11,000ಕ್ಕೆ ಇಳಿಸಬೇಕು ಅಂತ ಇವರು ಹಟ ಹಿಡಿದರು. ಅಷ್ಟು ಇಳಿಯಲಿಲ್ಲ. ಆದರೆ ಚಟಕ್ಕೆ ಬಿದ್ದು ತಪ್ಪು ಮಾಡಿದವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಯೋಜನೆಗೆ ರಾಜ್ಯ ಜಾಸ್ತಿ ಹಣ ಕೊಟ್ಟಿತು. ಅದರ ಹಿಂದೆ ವಾರಕ್ಕೊಮ್ಮೆ ಪ್ರಾರ್ಥನೆಗೆ ಬರುವ ಸಾಮಾನ್ಯ ಜನರ ಓಡಾಟವೂ ಇತ್ತು.

ಇಂಥ ಒಕ್ಕೂಟಗಳಲ್ಲಿ ಚರ್ಚು, ಮಸೀದಿ, ಯಹೂದಿಗಳ ಸಿನಗಾಗ್‌ಗಳು ಕಾಣುವಷ್ಟು ನಮ್ಮ ದೇವಸ್ಥಾನಗಳು ಕಾಣುವುದಿಲ್ಲ. ಅಮೆರಿಕದಲ್ಲಿ ದೇವಸ್ಥಾನದ ಕಮಿಟಿಗಳಲ್ಲಿರುವ ಕನ್ನಡದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮವರ ಹತ್ತಿರ ಮಾತಾಡಿ

ನೇರವಾಗಿ ಕಮಿಟಿಗೆ ಹೋಗಬೇಡಿ. ಪೂಜೆಗೆ ಬರುವ ಹತ್ತು ಜನರನ್ನು ಆರಿಸಿಕೊಂಡು ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಉಪದೇಶ ಬೇಡ, ಸುಮ್ನೆ ಕೇಳಿಸಿಕೊಳ್ಳಿ. ನಮ್ಮಲ್ಲಿ ಜೈಲು ಅಂದ ಕೂಡಲೇ ಮರ್ಯಾದೆಯ ಮಾತು ಬರುತ್ತದೆ. ಮನೆಮಗ ಒಳಗಿದ್ದರೂ ‘ಬೇರೆ ಊರಲ್ಲಿ ಕೆಲಸ’ ಅನ್ನುವ ತಾಯಂದಿರು ಇರುತ್ತಾರೆ. ಅಂಥವರು ಬಾಯಿಬಿಟ್ಟರೆ ಆ ಹೆಸರನ್ನು ಎಲ್ಲೂ ಬರೆಯಬೇಡಿ, ಯಾರಿಗೂ ಹೇಳಬೇಡಿ.

ಆಮೇಲೆ ತೋರಿಸಿ

ಅಂಕಿಅಂಶದ ಸ್ಲೈಡು ನೋಡಿ ಯಾರ ಮನಸ್ಸೂ ಕರಗುವುದಿಲ್ಲ. ಪಾಟ್‌ಲಕ್ ದಿನ ಊಟದ ಹಾಲ್‌ನ ನೆಲದ ಮೇಲೆ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಒಂದು ಚೌಕಟ್ಟು ಎಳೆಯಿರಿ. ಟೇಪ್ ಆದರೂ ಸರಿ, ರಂಗೋಲಿ ಪುಡಿ ಆದರೂ ಸರಿ. ಒಳಗೆ ಒಂದು ಚಾಪೆ ಹಾಸಿ. ಮೂಲೆಯಲ್ಲಿ ಎರಡು ಸ್ಟೂಲು ಇಡಿ, ಒಂದು ಕಮೋಡು, ಇನ್ನೊಂದು ಸಿಂಕು ಅಂದುಕೊಳ್ಳಿ. ಈಗ ಒಳಗೆ ಓಡಾಡಿ ನೋಡಿ. ಮೂರು ಹೆಜ್ಜೆ ಇಡುವಷ್ಟರಲ್ಲಿ ಗೆರೆ ಬರುತ್ತದೆ. ಒಂಟಿ ಸೆರೆಯ ಕೋಣೆ ಹೆಚ್ಚುಕಡಿಮೆ ಇಷ್ಟೇ. ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಜಾಸ್ತಿ ಅದರೊಳಗೇ ಇರಬೇಕು.

ಈ ಶಿಕ್ಷೆಯ ಬೇರು ದೇವರ ಹೆಸರಿನಲ್ಲೇ ಇದೆ. ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಜೈಲು 1829ರಲ್ಲಿ ತೆರೆಯಿತು. ಮನುಷ್ಯನನ್ನು ಬೈಬಲ್ ಜೊತೆ ಒಂಟಿಯಾಗಿ ಬಿಟ್ಟರೆ ಪಶ್ಚಾತ್ತಾಪ ಪಟ್ಟು ಒಳ್ಳೆಯವನಾಗುತ್ತಾನೆ ಅಂತ ಕ್ರೈಸ್ತರ ಕ್ವೇಕರ್ ಪಂಥದವರೂ ಇತರ ಸುಧಾರಕರೂ ನಂಬಿದ್ದರು. ಆದರೆ ಆ ಒಂಟಿತನ ಎಷ್ಟೋ ಜನರ ತಲೆ ಕೆಡಿಸಿತು. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು ಒಂಟಿ ಸೆರೆ ಸತತ 15 ದಿನ ದಾಟಕೂಡದು ಅನ್ನುತ್ತವೆ. ನ್ಯೂಯಾರ್ಕ್ ರಾಜ್ಯ 2021ರಲ್ಲಿ ಇದೇ ಮಿತಿಯನ್ನು ಕಾನೂನು ಮಾಡಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಕ್ವೇಕರರಿಂದ ಹಿಡಿದು ಹಲವು ಧರ್ಮಗಳ ಜನ ಇದ್ದರು. ಧರ್ಮದವರು ಶುರು ಮಾಡಿದ್ದನ್ನು ಧರ್ಮದವರೇ ನಿಂತು ಸರಿಪಡಿಸಬೇಕು ಅಲ್ವಾ?

ಕಾನೂನಿನ ಭಯ ಬಿಡಿ, ಗೆರೆ ತಿಳಿದಿರಲಿ

‘ದೇವಸ್ಥಾನಕ್ಕೆ ರಾಜಕೀಯ ಯಾಕೆ, ತೆರಿಗೆ ವಿನಾಯಿತಿ ಹೋಗುತ್ತೆ’ ಅಂತ ಯಾರಾದರೂ ಒಬ್ಬ ಟ್ರಸ್ಟಿ ಹೇಳಿಯೇ ಹೇಳುತ್ತಾರೆ. ಅವರ ಆತಂಕವನ್ನು ತಳ್ಳಿಹಾಕಬೇಡಿ, ನಿಯಮ ವಿವರಿಸಿ. 501(ಸಿ)(3) ಸಂಸ್ಥೆ, ಅಂದರೆ ಆ ಕಲಮಿನಡಿ ತೆರಿಗೆ ವಿನಾಯಿತಿ ಇರುವ ಸಂಸ್ಥೆ, ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಆದರೆ ಒಂದು ವಿಷಯದ ಬಗ್ಗೆ ದನಿ ಎತ್ತಬಹುದು. ಮಸೂದೆಯ ಪರವಾಗಿಯೂ ಮಾತಾಡಬಹುದು, ಅದು ಸಂಸ್ಥೆಯ ಕೆಲಸದಲ್ಲಿ ದೊಡ್ಡ ಪಾಲಾಗಿ ಬೆಳೆಯಬಾರದು ಅಷ್ಟೇ. ನಿಮ್ಮ ಅಕೌಂಟೆಂಟನ್ನು ಒಮ್ಮೆ ಕೇಳಿದರೆ ಎಲ್ಲರಿಗೂ ಸಮಾಧಾನ.

ಠರಾವಿಗಿಂತ ಜನ ಮುಖ್ಯ

ನಿಮ್ಮ ರಾಜ್ಯದ ಒಕ್ಕೂಟ ಯಾವುದು ಅಂತ ಹುಡುಕಿ. ಗಮಾಲಿಯೆಲ್, ಫೇತ್ ಇನ್ ಆ್ಯಕ್ಷನ್ ಥರದ ರಾಷ್ಟ್ರೀಯ ಜಾಲಗಳ ಶಾಖೆಗಳು ಹಲವು ರಾಜ್ಯಗಳಲ್ಲಿವೆ. ಸೇರುವ ಮುಂಚೆ ಮೂರು ಸಭೆಗೆ ಅತಿಥಿಯಾಗಿ ಹೋಗಿಬನ್ನಿ. ವರ್ಷದ ಚಂದಾ ಎಷ್ಟು, ತೀರ್ಮಾನ ಯಾರು ತೆಗೆದುಕೊಳ್ಳುತ್ತಾರೆ, ಒಪ್ಪಿಗೆಯಿಲ್ಲದ ವಿಷಯದಲ್ಲಿ ದೂರ ನಿಲ್ಲಬಹುದಾ, ಇಷ್ಟನ್ನು ಮೊದಲೇ ಕೇಳಿ. ಊಟದ ವಿಷಯವನ್ನೂ ಸಂಕೋಚವಿಲ್ಲದೆ ಹೇಳಿ.

ನಂತರ ಕಮಿಟಿಯಲ್ಲಿ ಠರಾವು ಪಾಸು ಮಾಡಿಸಿ, ಜನರಲ್ ಬಾಡಿಯಲ್ಲಿ ಓದಿ. ಆದರೆ ಲೆಟರ್‌ಹೆಡ್ ಮೇಲೆ ಸಹಿ ಹಾಕಿದ ಮಾತ್ರಕ್ಕೆ ಸೇರಿದಂತೆ ಅಲ್ಲ. ಪ್ರತಿ ತಿಂಗಳು ತಪ್ಪದೆ ಹೋಗುವ ಐದು ಜನ ಬೇಕು. ಅವರು ಸಿಗುವವರೆಗೆ ಠರಾವನ್ನು ಮುಂದೂಡಿದರೂ ನಷ್ಟವಿಲ್ಲ.

ಮೊದಲ ವಿಚಾರಣೆಯ ದಿನ

ರಾಜ್ಯ ಶಾಸನಸಭೆಯ ಸಮಿತಿಯ ಮುಂದೆ ಮಸೂದೆಯ ಬಗ್ಗೆ ಮಾತಾಡಲು ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಓದಿ ಅಭ್ಯಾಸ ಮಾಡಿ. ಇದಕ್ಕಿಂತ ಒಳ್ಳೆಯದು, ಒಕ್ಕೂಟದಲ್ಲಿ ಜೈಲಿನಿಂದ ಹೊರಬಂದವರು ಇದ್ದರೆ ನಿಮ್ಮ ಸರದಿಗಿಂತ ಮೊದಲು ಅವರ ಸರದಿ ಬರುವಂತೆ ನೋಡಿಕೊಳ್ಳಿ. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ದಾರಿಗೆ ಚಿತ್ರಾನ್ನದ ಡಬ್ಬಿ ಇರಲಿ. ಅವರು ಮೈಕಿನ ಹತ್ತಿರ ಹೋದಾಗ ನೀವೈದು ಜನ ಹಿಂದಿನ ಸಾಲಿನಲ್ಲಿ, ಅವರು ತಿರುಗಿದರೆ ಕಾಣುವ ಹಾಗೆ ಕೂತಿರಿ.