ಡಡ್ಲಿಯ ಮ್ಯೂಸಿಯಂಗೆ ಹೋಗೋರಿಗೆ ಒಂದೆರಡು ಮಾತು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆ ಇರೋರು ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಕೇಳ್ತಿದ್ರಲ್ಲ, ಹತ್ತಿರದ ಡಡ್ಲಿ ಊರಿನ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂಗೆ ಹೋಗಿ. ಬ್ಲ್ಯಾಕ್ ಕಂಟ್ರಿ ಅಂದ್ರೆ ಕಲ್ಲಿದ್ದಲು, ಕಬ್ಬಿಣದ ಕೆಲಸಕ್ಕೆ ಹೆಸರಾದ ಈ ಸೀಮೆ. ಸುತ್ತಮುತ್ತಲ ಊರುಗಳ ಹಳೆ ಮನೆ, ಅಂಗಡಿ, ಶಾಲೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ.

ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೇ ಹೋಗಿ, ಮೊದಲು ಮ್ಯೂಸಿಯಂನಲ್ಲೇ ಇರೋ ಕಲ್ಲಿದ್ದಲು ಗಣಿ ನೋಡಿಬಿಡಿ. ಆಮೇಲೆ ಕ್ಯೂ ಜಾಸ್ತಿ ಆಗುತ್ತೆ. ಒಳಗೆ ಕತ್ತಲು, ಬಗ್ಗಿ ನಡೀಬೇಕು. ಮಂಡಿನೋವು ಇರೋ ಅಪ್ಪ ಅಮ್ಮನಿಗೆ ಕಷ್ಟ.

ಸರಪಳಿ ಮಾಡೋ ಕುಲುಮೆ ಮಾತ್ರ ತಪ್ಪಿಸಬೇಡಿ. ಕೆಂಪಗೆ ಕಾದ ಕಬ್ಬಿಣದ ಸರಳನ್ನು ಬಗ್ಗಿಸಿ, ಹಿಂದಿನ ಕೊಂಡಿಗೆ ಸಿಕ್ಕಿಸಿ, ಸುತ್ತಿಗೆಯಿಂದ ಬಡಿದು ಬೆಸೀತಾರೆ. ಕಿಡಿ ಹಾರುತ್ತೆ, ಚಿಕ್ಕ ಮಕ್ಕಳನ್ನು ಹಿಂದೆ ನಿಲ್ಲಿಸಿ. ಹಿಂದೆ ಹತ್ತಿರದ ಕ್ರೇಡ್ಲಿ ಹೀತ್ ಊರಲ್ಲಿ ಹೆಂಗಸರು ಮನೆ ಹಿಂದಿನ ಕುಲುಮೆಗಳಲ್ಲಿ ಇದೇ ಕೆಲಸ ಮಾಡ್ತಿದ್ದರು. 1910ರಲ್ಲಿ ಹತ್ತು ವಾರ ಮುಷ್ಕರ ಹೂಡಿ ಗಂಟೆಗೆ ಎರಡೂವರೆ ಪೆನ್ನಿ ಕೂಲಿ ಗೆದ್ದರು. ಮುಷ್ಕರಕ್ಕೆ ಬಂದ ಚಂದಾದಲ್ಲಿ ಉಳಿದ ಹಣದಿಂದ ಕಟ್ಟಿಸಿದ ವರ್ಕರ್ಸ್ ಇನ್‌ಸ್ಟಿಟ್ಯೂಟ್ (ಕೆಲಸಗಾರರು ಸೇರೋ, ಕಲಿಯೋ ಭವನ) 1912ರಲ್ಲಿ ಶುರುವಾಯ್ತು. ಆ ಕಟ್ಟಡವೂ ಈಗ ಇಲ್ಲೇ ಇದೆ. ಮಕ್ಕಳಿಗೆ ಈ ಕಥೆ ಹೇಳಿ ಒಳಗೆ ಕರ್ಕೊಂಡು ಹೋಗಿ, ನನಗಂತೂ ಅಲ್ಲಿ ನಿಂತಾಗ ಕಣ್ಣು ತುಂಬಿ ಬಂತು.

ಊಟದ ವಿಷಯ: ಅಲ್ಲಿನ ಹಳೆಕಾಲದ ಅಂಗಡಿಯ ಚಿಪ್ಸ್ (ದಪ್ಪ ಆಲೂಗಡ್ಡೆ ಫ್ರೈಸ್) ಘಮಘಮ ಅನ್ನುತ್ತೆ, ಆದರೆ ಕರಿಯೋದು ದನದ ಕೊಬ್ಬಿನಲ್ಲಿ. ಸಸ್ಯಾಹಾರಿಗಳು ಕೇಳದೆ ತಗೋಬೇಡಿ. ನಾವು ಚಪಾತಿ ಪಲ್ಯ, ಚಿತ್ರಾನ್ನ ಕಟ್ಕೊಂಡು ಹೋಗಿದ್ವಿ. ಇಡೀ ದಿನ ಬಯಲಲ್ಲೇ ಓಡಾಟ, ಮಳೆ ಕೋಟು ಮರೀಬೇಡಿ.