ಮರ್ಜರ್‌ಎಫ್‌ಎಸ್ ಪೂಲನ್ನು ಓಪನ್‌ಮೀಡಿಯಾವಾಲ್ಟ್‌ಗೆ ಸಾಗಿಸುವುದು ಹೇಗೆ? ಡಿಸ್ಕ್ ಅಳಿಸದೆ!

ಮನೆಯ ಸರ್ವರ್‌ನಲ್ಲಿ ನಾಲ್ಕಾರು ಹಾರ್ಡ್ ಡಿಸ್ಕ್ ಇದ್ದರೆ, ಮರ್ಜರ್‌ಎಫ್‌ಎಸ್ ಹಾಕಿ ಎಲ್ಲವನ್ನೂ ಒಂದೇ ಫೋಲ್ಡರ್ (ಇದೇ ಪೂಲ್) ಮಾಡಿಕೊಳ್ಳುವವರು ಜಾಸ್ತಿ. ಯಾವ ಡಿಸ್ಕ್ ಎಲ್ಲಿ ಜೋಡಣೆಯಾಗಬೇಕು ಎಂದು ಲಿನಕ್ಸ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಕೈಯಾರೆ ಬರೆದ ಒಂದು ಉದ್ದ ಸಾಲು, ಅಷ್ಟೇ. ಡಿಸ್ಕ್ ಸೇರಿಸಿದಾಗಲೆಲ್ಲ ಅದನ್ನು ತಿದ್ದಿ ಬೇಸತ್ತವರು ಬ್ರೌಸರಿನಲ್ಲೇ ಎಲ್ಲ ಮಾಡಬಹುದಾದ, ಡೆಬಿಯನ್ ಲಿನಕ್ಸ್ ಆಧಾರಿತ ಸ್ಟೋರೇಜ್ ಸರ್ವರ್ ವ್ಯವಸ್ಥೆಯಾದ ಓಪನ್‌ಮೀಡಿಯಾವಾಲ್ಟ್‌ಗೆ ಬರುತ್ತಾರೆ. ಬರುವಾಗಲೇ ಫೋಟೊ, ಸಿನಿಮಾ ಎಲ್ಲ ಕಳೆದುಕೊಂಡವರನ್ನು ನೋಡಿದ್ದೇನೆ.

ಮರ್ಜರ್‌ಎಫ್‌ಎಸ್ ಫೈಲನ್ನು ತುಂಡು ಮಾಡಿ ಹಂಚುವುದಿಲ್ಲ. ಪ್ರತಿ ಫೈಲೂ ಯಾವುದೋ ಒಂದು ಡಿಸ್ಕಿನಲ್ಲಿ ಇಡಿಯಾಗಿ ಇರುತ್ತದೆ. ಹಾಗಾಗಿ ಕಾಪಿ ಮಾಡುವುದೂ ಬೇಡ, ಫಾರ್ಮ್ಯಾಟ್ ಮಾಡುವುದಂತೂ ಬೇಡವೇ ಬೇಡ. ಬ್ಯಾಕಪ್ ಮಾತ್ರ ಬೇಕು.

1. ಬರೆದಿಟ್ಟುಕೊಳ್ಳಿ. ಎಫ್‌ಎಸ್‌ಟ್ಯಾಬ್, ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಬಳಸುವ ಕಂಪೋಸ್ ಫೈಲುಗಳು, ಸ್ನ್ಯಾಪ್‌ರೇಡ್ (ಡಿಸ್ಕ್ ಕೆಟ್ಟರೆ ಫೈಲು ಮರಳಿ ಪಡೆಯುವ ಸಾಧನ) ಇದ್ದರೆ ಅದರ ಕಾನ್ಫಿಗ್: ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ. ಡಿಸ್ಕುಗಳ ಸೀರಿಯಲ್ ನಂಬರ್ ಕೂಡ. ಅಗ್ಗದ ಕೆಲವು ಯುಎಸ್‌ಬಿ ಬಾಕ್ಸ್‌ಗಳು ಎಲ್ಲ ಡಿಸ್ಕಿಗೂ ಒಂದೇ ಸೀರಿಯಲ್ ತೋರಿಸುತ್ತವೆ. ಅಂಥದ್ದನ್ನು ಪೂಲ್‌ಗೆ ಬಳಸಲೇಬೇಡಿ.

2. ಇನ್‌ಸ್ಟಾಲ್ ಮಾಡಿ. ಡೇಟಾ ಡಿಸ್ಕುಗಳ ಕೇಬಲ್ ಕಿತ್ತು, ಬೇರೆ ಚಿಕ್ಕ ಎಸ್‌ಎಸ್‌ಡಿಗೆ ಹೊಸದಾಗಿ ಹಾಕಿ. ಡೆಸ್ಕ್‌ಟಾಪ್ ಇರುವ ಹಳೆ ಡೆಬಿಯನ್ ಮೇಲೇ ಕೂರಿಸುವ ಶಾರ್ಟ್‌ಕಟ್ ಬೇಡ. ಪಾಸ್‌ವರ್ಡ್ ಬದಲಿಸಿ. ಆಮೇಲೆ ಹೆಚ್ಚುವರಿ ಪ್ಲಗಿನ್‌ಗಳನ್ನು ಕೊಡುವ ಓಎಂವಿ-ಎಕ್ಸ್‌ಟ್ರಾಸ್ (ಓಎಂವಿ ಎಂದರೆ ಓಪನ್‌ಮೀಡಿಯಾವಾಲ್ಟ್), ಅದರಿಂದ ಮರ್ಜರ್‌ಎಫ್‌ಎಸ್ ಪ್ಲಗಿನ್.

3. ಡಿಸ್ಕ್ ಮೌಂಟ್ ಮಾಡಿ, ಅಂದರೆ ಅದರಲ್ಲಿರುವುದನ್ನು ಹಾಗೇ ಉಳಿಸಿ ಬಳಕೆಗೆ ಜೋಡಿಸಿ. ಎಡವುವುದು ಇಲ್ಲೇ. ಮಷೀನ್ ಆಫ್ ಮಾಡಿ, ಕೇಬಲ್ ಹಾಕಿ, ಆನ್ ಮಾಡಿ. ಸ್ಟೋರೇಜ್ ಮೆನುವಿನ ಫೈಲ್ ಸಿಸ್ಟಮ್ಸ್ ಪುಟಕ್ಕೆ ಹೋಗಿ. ಅಲ್ಲಿ ಪ್ಲಸ್ ಗುರುತಿನ ಕ್ರಿಯೇಟ್ ಬಟನ್ ಇದೆ, ಪಕ್ಕದಲ್ಲೇ ಪ್ಲೇ ಗುರುತಿನ ಮೌಂಟ್ ಬಟನ್ ಇದೆ. ಹೊಸಬರ ಕೈ ಸೀದಾ ಪ್ಲಸ್ ಮೇಲೆ ಹೋಗುತ್ತದೆ. ಅದು ಫಾರ್ಮ್ಯಾಟ್ ಮಾಡುವ ಬಟನ್. ನಿಮಗೆ ಬೇಕಾದದ್ದು ಪ್ಲೇ. ಪಟ್ಟಿಯಿಂದ ಒಂದು ಡಿಸ್ಕ್ ಆರಿಸಿ, ಸೇವ್ ಕೊಟ್ಟು, ಮೇಲೆ ಬರುವ ಹಳದಿ ಪಟ್ಟಿಯ ಟಿಕ್ ಒತ್ತಿ. ಅದು ಆನ್‌ಲೈನ್ ಎಂದು ತೋರಿಸಿದ ಮೇಲೆ ಮುಂದಿನದು. ಒಂದೊಂದಾಗಿಯೇ ಮಾಡಿ, ಅವಸರ ಏನಿದೆ?

ಒಂದು ಡಿಸ್ಕ್ ಪಟ್ಟಿಯಲ್ಲಿ ಬರಲೇ ಇಲ್ಲವೇ? ಗಾಬರಿಯಾಗಿ ಡಿಸ್ಕ್ಸ್ ಪುಟಕ್ಕೆ ಹೋಗಿ ವೈಪ್ ಒತ್ತುವವರಿದ್ದಾರೆ. ಖಂಡಿತ ಬೇಡ. ಹಿಂದೆಂದೋ ಆ ಡಿಸ್ಕ್ ರೇಡ್‌ನಲ್ಲೋ ಜೆಡ್‌ಎಫ್‌ಎಸ್‌ನಲ್ಲೋ (ಹಲವು ಡಿಸ್ಕ್ ಒಟ್ಟುಗೂಡಿಸುವ ಬೇರೆ ವಿಧಾನಗಳು) ಇದ್ದು, ಅದರ ಗುರುತು ಉಳಿದಿದ್ದರೂ ಹೀಗಾಗುತ್ತದೆ. ಟರ್ಮಿನಲ್ಲಿನಲ್ಲಿ ವೈಪ್‌ಎಫ್‌ಎಸ್ ಕಮಾಂಡಿಗೆ ಡಿಸ್ಕಿನ ಹೆಸರು ಮಾತ್ರ ಕೊಡಿ, ಬೇರೆ ಯಾವ ಆಪ್ಷನ್ನೂ ಬೇಡ. ಆಗ ಅದು ಏನನ್ನೂ ಅಳಿಸದೆ ಗುರುತುಗಳನ್ನು ಪಟ್ಟಿ ಮಾಡುತ್ತದೆ. ಹೆಸರು ಕೇಳಿ ಹೆದರಬೇಡಿ. ಆದರೆ ಸುಮ್ನೆ ಮೈನಸ್ ಎ ಸೇರಿಸಿದಿರೋ, ಎಲ್ಲ ಗುರುತೂ ಹೋದಂತೆ.

ಎಫ್‌ಎಸ್‌ಟ್ಯಾಬ್‌ನಲ್ಲಿ ನೀವೇ ಸಾಲು ಸೇರಿಸಿ ಮೌಂಟ್ ಮಾಡಿದರೆ? ಓಪನ್‌ಮೀಡಿಯಾವಾಲ್ಟ್ ಆ ಫೈಲಿನಲ್ಲಿ ತಾನೇ ಹಾಕಿದ ಆರಂಭ-ಅಂತ್ಯದ ಗುರುತುಗಳ ನಡುವಿನ ಸಾಲುಗಳನ್ನಷ್ಟೇ ನೋಡಿಕೊಳ್ಳುತ್ತದೆ. ನಿಮ್ಮ ಸಾಲು ಅದರ ಲೆಕ್ಕಕ್ಕಿಲ್ಲ. ಹಳೆಯ ಪೂಲ್ ಸಾಲನ್ನು ಅಲ್ಲಿಗೆ ಪೇಸ್ಟ್ ಮಾಡಬೇಡಿ.

4. ಪೂಲ್ ಕಟ್ಟಿ. ಪ್ಲಗಿನ್‌ನಲ್ಲಿ ಹೆಸರು ಕೊಟ್ಟು ಡಿಸ್ಕುಗಳನ್ನು ಆರಿಸಿ. ಸ್ನ್ಯಾಪ್‌ರೇಡ್‌ನ ಪ್ಯಾರಿಟಿ ಡಿಸ್ಕ್ (ಫೈಲು ಮರಳಿ ಪಡೆಯಲು ಬೇಕಾದ ಲೆಕ್ಕ ಇರುವುದು) ಪೂಲ್‌ಗೆ ಸೇರಬಾರದು. ಹೊಸ ಫೈಲು ಯಾವ ಡಿಸ್ಕಿಗೆ ಹೋಗಬೇಕೆಂದು ಹೇಳುವ ಪಾಲಿಸಿಗೆ ನನ್ನ ಆಯ್ಕೆ ‘ಮೋಸ್ಟ್ ಫ್ರೀ ಸ್ಪೇಸ್’. ‘ಎಕ್ಸಿಸ್ಟಿಂಗ್ ಪಾತ್’ ಹಾಕಿದರೆ, ಸಿನಿಮಾ ಫೋಲ್ಡರ್ ಒಂದೇ ಡಿಸ್ಕಿನಲ್ಲಿದ್ದಾಗ ಹೊಸ ಫೈಲೂ ಅಲ್ಲಿಗೇ ಹೋಗುತ್ತದೆ. ಪಕ್ಕದ ಡಿಸ್ಕ್ ಖಾಲಿ ಇದ್ದರೂ ‘ಜಾಗ ಇಲ್ಲ’ ಎಂಬ ದೂರು ಬರುತ್ತದೆ.

5. ಪಾತ್ ಸರಿಪಡಿಸಿ. ಪೂಲ್ ಈಗ ಎಸ್‌ಆರ್‌ವಿ ಫೋಲ್ಡರಿನೊಳಗಿನ ಮರ್ಜರ್‌ಎಫ್‌ಎಸ್ ಫೋಲ್ಡರಿನಲ್ಲಿರುತ್ತದೆ. ಕಂಪೋಸ್ ಫೈಲಿನಲ್ಲಿ ಹಳೆ ಪಾತ್ ಉಳಿದರೆ ಸಾಮಾನ್ಯವಾಗಿ ಡಾಕರ್ ಎರರ್ ಕೊಡುವುದಿಲ್ಲ. ಆ ಹೆಸರಿನ ಖಾಲಿ ಫೋಲ್ಡರನ್ನು ತಾನೇ ಮಾಡಿಕೊಳ್ಳುತ್ತದೆ. ಸಿನಿಮಾ ತೋರಿಸುವ ಜೆಲ್ಲಿಫಿನ್‌ನ ಲೈಬ್ರರಿ ಖಾಲಿ ಕಾಣುತ್ತದೆ, ಡೌನ್‌ಲೋಡ್‌ಗಳು ಎಸ್‌ಎಸ್‌ಡಿ ತುಂಬಿಸುತ್ತವೆ. ಸಿಮ್‌ಲಿಂಕ್ (ಹಳೆ ಪಾತ್‌ನಿಂದ ಹೊಸದಕ್ಕೆ ಕೊಂಡಿ) ಹಾಕಿ ತಪ್ಪಿಸಿಕೊಳ್ಳಬಹುದು, ಆದರೆ ಪಾತ್ ಬದಲಿಸುವುದೇ ಸರಿ.

ಶೇರ್ಡ್ ಫೋಲ್ಡರ್ ಮಾಡುವಾಗ ಬಿಡಿ ಡಿಸ್ಕನ್ನಲ್ಲ, ಪೂಲನ್ನು ಆರಿಸಿ. ಪಾತ್ ಜಾಗದಲ್ಲಿ ಹಳೆ ಫೋಲ್ಡರಿನ ಹೆಸರನ್ನು ದೊಡ್ಡಕ್ಷರ, ಚಿಕ್ಕಕ್ಷರ ಬದಲಾಗದಂತೆ ಬರೆಯಿರಿ. ಇಲ್ಲವಾದರೆ ಖಾಲಿ ಫೋಲ್ಡರ್ ಹುಟ್ಟುತ್ತದೆ.

ಸ್ನ್ಯಾಪ್‌ರೇಡ್ ಪ್ಲಗಿನ್‌ನಲ್ಲಿ ಪ್ರತಿ ಡಿಸ್ಕಿಗೂ ಹಳೆ ಕಾನ್ಫಿಗ್‌ನಲ್ಲಿದ್ದ ಹೆಸರನ್ನೇ ಕೊಡಿ. ಮೊದಲು ಡಿಫ್ (ಕಳೆದ ಸಿಂಕ್‌ನಿಂದ ಏನು ಬದಲಾಗಿದೆ ಎಂದು ತೋರಿಸುವುದು) ಓಡಿಸಿ. ಸಾವಿರಾರು ಫೈಲು ಅಳಿಸಿಹೋಗಿವೆ ಎಂದು ತೋರಿಸಿದರೆ ಸಿಂಕ್ (ಬದಲಾವಣೆಗಳನ್ನು ಪ್ಯಾರಿಟಿಗೆ ಬರೆಯುವುದು) ಕೊಡಬೇಡಿ, 3ನೇ ಹಂತಕ್ಕೆ ಹಿಂತಿರುಗಿ ಯಾವ ಡಿಸ್ಕ್ ಮೌಂಟ್ ಆಗಿಲ್ಲ ಎಂದು ನೋಡಿ.