ಶೋ ರನ್ ಮುಟ್ಟದೆ ಸಿಸಿಎನ್‌ಎ: ದಿನಕ್ಕೊಂದು ಫಾಲ್ಟ್ ಹಾಕಿ ಕಲಿತ ಲೆಕ್ಕ

ಲ್ಯಾಬಿನಲ್ಲಿ ಬೇಕೆಂದೇ ಹಾಕಿದ ಫಾಲ್ಟ್ ಹುಡುಕುವಾಗ ಮೊದಲ ಎಂಟು ನಿಮಿಷ 'ಶೋ ರನ್ನಿಂಗ್ ಕಾನ್ಫಿಗ್' (ರೂಟರ್, ಸ್ವಿಚ್ಚಿನ ಪೂರ್ತಿ ಸೆಟ್ಟಿಂಗ್ ತೋರಿಸುವ ಕಮಾಂಡ್) ಹೊಡೆಯುವಂತಿಲ್ಲ. ಪೈಪ್ ಹಾಕಿ ಸೆಕ್ಷನ್, ಇನ್‌ಕ್ಲೂಡ್ ಅಂತ ತುಂಡು ತುಂಡಾಗಿ ನೋಡುವ ಹಾಗೂ ಇಲ್ಲ. ಈ ಒಂದು ಕಟ್ಟುಪಾಡಿನ ಮೇಲೆ ಹದಿನಾರು ವಾರ ಲ್ಯಾಬ್ ನಡೆಸಿ ಸಿಸ್ಕೋದ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎ 200-301 ಪಾಸ್ ಮಾಡಿದೆ. ಶುರು ಮಾಡಿದಾಗ ಟೀಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಲ್ಯಾಬ್ ಕೆಡಿಸ್ತಾ ಕೂತ್ರೆ ಸಿಲಬಸ್ ಯಾವ ಕಾಲಕ್ಕೆ ಮುಗಿಯುತ್ತೆ? ವಿಡಿಯೋ ನೋಡಿ, ಪ್ರಶ್ನೆಗಳನ್ನ ತಿರುವಿ ಹಾಕಿ, ಹೋಗಿ ಬರೆದು ಬನ್ನಿ" ಅಂದರು. ಆ ದಾರಿ ಹಿಡಿದೇ ಮೊದಲ ಸಲ ಫೇಲಾಗಿದ್ದು. ರಿಪೋರ್ಟಿನಲ್ಲಿ ಐಪಿ ಕನೆಕ್ಟಿವಿಟಿ ಶೇ 50ರ ಆಸುಪಾಸು ಇತ್ತು, ಸಿಲಬಸ್ಸಿನಲ್ಲಿ ಆ ಒಂದು ವಿಭಾಗಕ್ಕೇ ಶೇ 25 ತೂಕ. ಎರಡನೇ ಸಲ ಅದೇ ವಿಭಾಗ 90ರ ಹತ್ತಿರ ಬಂತು. ಟ್ರಂಕ್, ವೈಲ್ಡ್‌ಕಾರ್ಡ್, ಸಬ್‌ಇಂಟರ್‌ಫೇಸ್ ಅಂದರೇನು ಅನ್ನೋದು ಗೊತ್ತಿರುವವರಿಗಾಗಿ ಇದನ್ನ ಬರೆಯುತ್ತಿದ್ದೇನೆ.

ದುಡ್ಡಿನ ಲೆಕ್ಕ ಮೊದಲು. ಪರೀಕ್ಷೆಗೆ 300 ಡಾಲರ್, ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ಸಲಕ್ಕೆ ಹೆಚ್ಚುಕಡಿಮೆ 30,000 ರೂಪಾಯಿ, ನನ್ನದು ಎರಡು ಸಲ. ಕೋಚಿಂಗಿಗೆ ಕೇಳಿದ್ದು 28,000. ಅದನ್ನ ಕಟ್ಟದೆ ಲ್ಯಾಬಿಗೆ ಹಾಕಿದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುತ್ತಾಡಿ ಸೆಕೆಂಡ್ ಹ್ಯಾಂಡ್ 2960 ಸ್ವಿಚ್ ಮೂರು ತಂದೆ, ಒಂದಕ್ಕೆ 2,300ರ ಹತ್ತಿರ. 1841 ರೂಟರ್ ಮೂರು, ಒಂದಕ್ಕೆ ಸುಮಾರು 2,000. ಕೇಬಲ್ ಸೇರಿ ಒಟ್ಟು 15,000ದೊಳಗೇ ಮುಗಿಯಿತು. ದುಡ್ಡು ದಂಡವಾಗಿದ್ದು ಲ್ಯಾಪ್‌ಟಾಪನ್ನ ಡಬ್ಬಕ್ಕೆ ಸೇರಿಸುವ ಕನ್ಸೋಲ್ ಕೇಬಲ್ಲಿನಲ್ಲಿ. 250 ರೂಪಾಯಿಯ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಎರಡು ತಂದರೆ ಎರಡರಲ್ಲೂ ನಕಲಿ ಪಿಎಲ್2303 ಚಿಪ್. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ಹಳದಿ ಗುರುತು ಹಾಕಿ 'ಕೋಡ್ 10' ಅನ್ನುತ್ತೆ, ಹಳೇ ಡ್ರೈವರ್ ಹಾಕಿದರೂ ಅಪ್‌ಡೇಟ್ ಆದ ಮರುದಿನ ಮತ್ತೆ ಅದೇ ಪಾಡು. ಎಫ್‌ಟಿಡಿಐ ಚಿಪ್ಪಿನದು 700 ಕೊಟ್ಟು ತಂದ ಮೇಲೆ ಆ ತಂಟೆ ಇಲ್ಲ.

ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುವಾಗ ಈ ಖರ್ಚು ಯಾಕೆ ಅಂತ ಕೇಳುವವರಿದ್ದಾರೆ. ಅದು ಸಿಮ್ಯುಲೇಟರ್. ಅದರೊಳಗೆ ಕಟ್ಟಿಕೊಟ್ಟ ಕಮಾಂಡ್ ಮಾತ್ರ ಓಡುತ್ತೆ, ಕಟ್ಟಿಕೊಟ್ಟ ಹಾಗೆ ಮಾತ್ರ ಕೆಡುತ್ತೆ. ಫಾಲ್ಟ್ ಹಾಕಿ ಕಲಿಯೋದಕ್ಕೆ ನಿಜವಾದ ಐಓಎಸ್ (ಸಿಸ್ಕೋ ಡಬ್ಬಗಳ ಆಪರೇಟಿಂಗ್ ಸಿಸ್ಟಮ್) ಬೇಕು. ಡಬ್ಬ ಕೊಳ್ಳೋಕೆ ಆಗದಿದ್ದರೆ ಸಿಸ್ಕೋದ ವರ್ಚುವಲ್ ಲ್ಯಾಬ್ ಸಾಫ್ಟ್‌ವೇರ್ ಸಿಎಮ್‌ಎಲ್‌ನ ಉಚಿತ ಆವೃತ್ತಿಯಲ್ಲಿ ಐದು ನೋಡ್ ಸಿಗುತ್ತೆ. ಮೂರು ರೂಟರ್ ಎರಡು ಸ್ವಿಚ್ ಇಟ್ಟುಕೊಂಡು ಇದೇ ಆಟ ಆಡಬಹುದು.

ಹದಿನಾರು ವಾರಕ್ಕೂ ಟೋಪಾಲಜಿ ಒಂದೇ. 1841ಕ್ಕೆ ಇರೋದು ಎರಡೇ ಫಾಸ್ಟ್ ಈಥರ್ನೆಟ್ ಪೋರ್ಟ್. ಮೂರು ರೂಟರನ್ನ ತ್ರಿಕೋನವಾಗಿ ಕಟ್ಟಿದರೆ ಎರಡೂ ಖರ್ಚಾಗಿ ಲ್ಯಾನಿಗೆ ಪೋರ್ಟೇ ಉಳಿಯಲ್ಲ. ಹಾಗಾಗಿ ಪ್ರತಿ ರೂಟರಿನ ಮೊದಲ ಪೋರ್ಟನ್ನ ಸ್ವಿಚ್ಚಿಗೆ ಟ್ರಂಕ್ ಮಾಡಿ, ಒಂದೊಂದು ಲಿಂಕಿಗೆ ಒಂದೊಂದು ವಿಲ್ಯಾನ್ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕ್) ಕೊಟ್ಟೆ: ಆರ್1-ಆರ್2ಕ್ಕೆ 112, ಆರ್2-ಆರ್3ಕ್ಕೆ 123, ಆರ್1-ಆರ್3ಕ್ಕೆ 113. ಸಬ್‌ಇಂಟರ್‌ಫೇಸ್ ನಂಬರೂ ಅದೇ, ಪ್ರತಿಯೊಂದರಲ್ಲೂ /30 (ಎರಡೇ ಐಪಿ ಹಿಡಿಯುವ ಸಬ್‌ನೆಟ್). ಎರಡನೇ ಪೋರ್ಟ್ ಲ್ಯಾನಿಗೆ. ಮ್ಯಾನೇಜ್‌ಮೆಂಟಿಗೆ ವಿಲ್ಯಾನ್ 99.

ಈ ಜೋಡಣೆಯಲ್ಲಿ ಒಂದು ಸಂಗತಿ ಗೊತ್ತಿರಲಿ. ಸ್ವಿಚ್ಚಿನ ಟ್ರಂಕಿನಿಂದ ವಿಲ್ಯಾನ್ 112 ತೆಗೆದರೂ ರೂಟರಿನ ಸಬ್‌ಇಂಟರ್‌ಫೇಸ್ ಅಪ್ ಆಗೇ ಇರುತ್ತೆ. ನೇಬರ್ (ಆಚೆ ಬದಿಯ ರೂಟರ್) ಹೋಗಿದ್ದು ಓಎಸ್‌ಪಿಎಫ್‌ಗೆ (ರೂಟರುಗಳು ದಾರಿ ಹಂಚಿಕೊಳ್ಳುವ ಪ್ರೋಟೋಕಾಲ್) ತಿಳಿಯೋದು ಡೆಡ್ ಟೈಮರ್ ಮುಗಿದ ಮೇಲೆ, ಅಂದರೆ 40 ಸೆಕೆಂಡ್ ಆದ ಮೇಲೆ. ಕೇಬಲ್ಲನ್ನೇ ಕಿತ್ತರೆ ಆ ಕ್ಷಣಕ್ಕೇ ತಿಳಿಯುತ್ತೆ. ಮಧ್ಯದಲ್ಲಿ ಯಾರದೋ ಸ್ವಿಚ್ ಇರುವ ಲಿಂಕುಗಳಲ್ಲೆಲ್ಲ ನಡೆಯೋದು ಇದೇ. ಹೆಲೋ ಇಂಟರ್ವಲ್ (ನೇಬರಿಗೆ ಹೆಲೋ ಕಳಿಸುವ ಅಂತರ) 1 ಸೆಕೆಂಡ್ ಮಾಡಿ ನೋಡಿದೆ. ಡೆಡ್ ತಾನಾಗೇ 4 ಆಯ್ತು, ಪಿಂಗ್ ಬೀಳುವ ಹೊತ್ತು ನಾಲ್ಕೈದು ಸೆಕೆಂಡಿಗೆ ಇಳಿಯಿತು. ಎರಡೂ ಕಡೆ ಬದಲಾಯಿಸಲೇಬೇಕು, ಒಂದು ಕಡೆ ಮಾತ್ರ ಬದಲಿಸಿದರೆ ನೇಬರೇ ಆಗಲ್ಲ.

ಮೊದಲ ದೊಡ್ಡ ಏಟು ಬಿದ್ದಿದ್ದು ಎರಡನೇ ವಾರ, ಮೂರನೇ ಸ್ವಿಚ್ ಸೇರಿಸಿದ ದಿನ. ಪಾಸ್‌ವರ್ಡ್ ಇತ್ತು ಅಂತ ಮೋಡ್ ಬಟನ್ ಒತ್ತಿ ಹಿಡಿದು ಪವರ್ ಕೊಟ್ಟು, 'ಫ್ಲಾಶ್ ಇನಿಟ್' ಮಾಡಿ, ಕಾನ್ಫಿಗ್ ಡಾಟ್ ಟೆಕ್ಸ್ಟ್ ಫೈಲಿನ ಹೆಸರು ಬದಲಿಸಿ ಬೂಟ್ ಮಾಡಿದೆ. ಆಮೇಲೆ 'ರೈಟ್ ಇರೇಸ್' ಕೂಡ ಮಾಡಿದೆ. ಟ್ರಂಕ್ ಕಟ್ಟಿದ ಅರೆಗಳಿಗೆಯಲ್ಲಿ 112, 113, 123 ಮೂರೂ ಮಾಯ. ಯಾರದೋ ಆಫೀಸಿನ ವಿಲ್ಯಾನ್ ಹೆಸರುಗಳು ಮೂರೂ ಸ್ವಿಚ್ಚಿನಲ್ಲಿ ತುಂಬಿಕೊಂಡವು. 'ರೈಟ್ ಇರೇಸ್' ಮಾಡಿದರೆ ವಿಲ್ಯಾನ್ ಡಾಟ್ ಡ್ಯಾಟ್ ಫೈಲ್ ಅಳಿಯಲ್ಲ, ಅದು ಫ್ಲಾಶಿನಲ್ಲಿ ಬೇರೆಯೇ ಕೂತಿರುತ್ತೆ. ನನ್ನ ಎರಡು ಸ್ವಿಚ್ಚಿಗೆ ವಿಟಿಪಿ (ವಿಲ್ಯಾನ್ ಪಟ್ಟಿಯನ್ನ ಸ್ವಿಚ್ಚುಗಳ ನಡುವೆ ಹಂಚುವ ವ್ಯವಸ್ಥೆ) ಡೊಮೈನ್ ಹೆಸರೇ ಇಟ್ಟಿರಲಿಲ್ಲ. ಹೆಸರಿಲ್ಲದ ಸ್ವಿಚ್ ಟ್ರಂಕಿನಲ್ಲಿ ಬಂದ ಮೊದಲ ಹೆಸರನ್ನ ತನ್ನದು ಮಾಡಿಕೊಳ್ಳುತ್ತೆ, ರಿವಿಷನ್ ನಂಬರ್ ಹೆಚ್ಚಿರುವವನ ಪಟ್ಟಿಯನ್ನ ಒಪ್ಪಿಕೊಳ್ಳುತ್ತೆ. ಅವತ್ತಿನಿಂದ ಹೊಸ ಡಬ್ಬ ಬಂದರೆ ಮೊದಲ ಕೆಲಸ ಆ ಫೈಲ್ ಅಳಿಸೋದು, ಎರಡನೇದು ವಿಟಿಪಿ ಟ್ರಾನ್ಸ್‌ಪರೆಂಟ್ (ಬೇರೆ ಸ್ವಿಚ್ಚಿನ ಪಟ್ಟಿ ಒಪ್ಪದ ಮೋಡ್) ಮಾಡೋದು.

ಟ್ರಾನ್ಸ್‌ಪರೆಂಟ್ ಮಾಡಿದ್ದರಿಂದ ಇನ್ನೊಂದು ಅನುಕೂಲವೂ ಆಯ್ತು. ವಿಲ್ಯಾನ್ ಪಟ್ಟಿ ರನ್ನಿಂಗ್ ಕಾನ್ಫಿಗ್ಗಿನೊಳಗೇ ಬರುತ್ತೆ, ಹಾಗಾಗಿ 'ಕಾನ್ಫಿಗರ್ ರಿಪ್ಲೇಸ್' ಕೊಟ್ಟಾಗ ವಿಲ್ಯಾನೂ ವಾಪಸ್ ಬರುತ್ತೆ. ಇಡೀ ವಿಧಾನ ನಿಂತಿರೋದು ಈ ಕಮಾಂಡಿನ ಮೇಲೆ. ಸರಿಯಿರುವ ಕಾನ್ಫಿಗ್ಗನ್ನ 'ಗುಡ್' ಅನ್ನೋ ಹೆಸರಲ್ಲಿ ಆರೂ ಡಬ್ಬದ ಫ್ಲಾಶಿನಲ್ಲಿ ಇಟ್ಟಿರೋದು, ಎಷ್ಟು ಕೆಡಿಸಿದರೂ ರಿಪ್ಲೇಸ್ ಹೊಡೆದರೆ ಅರ್ಧ ನಿಮಿಷದಲ್ಲಿ ಮೊದಲಿನ ಹಾಗೆ. ಮಧ್ಯೆ ಕರೆಂಟ್ ಹೋದರೂ ಚಿಂತೆಯಿಲ್ಲ.

ಇನ್ನು ಕೆಡಿಸುವವರು ಯಾರು? ನಾನೇ ಕೆಡಿಸಿ ನಾನೇ ಹುಡುಕಿದರೆ ಅರ್ಥವಿಲ್ಲ. ಪೈಥಾನಿನಲ್ಲಿ ನೆಟ್‌ಮಿಕೋ ಲೈಬ್ರರಿ ಬಳಸಿ ಅರವತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಅದು ಫೋಲ್ಡರಿನಲ್ಲಿರುವ 40 ಫಾಲ್ಟ್ ಫೈಲುಗಳಲ್ಲಿ ಒಂದನ್ನ ಚೀಟಿ ಎತ್ತಿದ ಹಾಗೆ ಎತ್ತಿ, ವಿಲ್ಯಾನ್ 99ರ ಮೂಲಕ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿ, ಪರದೆಗೆ ಏನೂ ಬರೆಯದೆ ಹಾಕಿಬಿಡುತ್ತೆ. ಯಾವುದು ಹಾಕಿದ್ದು ಅನ್ನೋದು ಲಾಗಿನಲ್ಲಿ ಇರುತ್ತೆ, ಕೊನೆಗೆ ತೆರೆದು ನೋಡೋದು. ನಲವತ್ತನ್ನೂ ಸಿಲಬಸ್ಸಿನ ತೂಕಕ್ಕೆ ತಕ್ಕ ಹಾಗೆ ಹಂಚಿದ್ದೆ. ಐಪಿ ಕನೆಕ್ಟಿವಿಟಿಗೆ 10, ಫಂಡಮೆಂಟಲ್ಸ್ ಮತ್ತು ನೆಟ್‌ವರ್ಕ್ ಆಕ್ಸೆಸ್‌ಗೆ ತಲಾ 8, ಸೆಕ್ಯುರಿಟಿಗೆ 6, ಉಳಿದೆರಡಕ್ಕೆ ನಾಲ್ಕು ನಾಲ್ಕು. ಪೂರ್ತಿ ಪಟ್ಟಿ ಇಲ್ಲಿ ಹಾಕಲ್ಲ. ಸ್ವಂತ ಪಟ್ಟಿ ಮಾಡಿಕೊಳ್ಳುವಾಗಲೇ ಅರ್ಧ ಸಿಲಬಸ್ ತಲೆಗೆ ಹತ್ತುತ್ತೆ.

ಸ್ಕ್ರಿಪ್ಟಿನಲ್ಲಿ ಎರಡು ತಪ್ಪು ಮಾಡಿದ್ದೆ. ಮೊದಲನೇದು, ಫೈಲಿನಲ್ಲಿ ಇಂಟರ್‌ಫೇಸ್ ಹೆಸರನ್ನ ನೇರವಾಗಿ ಬರೆದಿದ್ದು. ನಾಲ್ಕು ವಾರದಲ್ಲಿ "ಆರ್2 ಅಂದರೆ ಎಂಟಿಯು" ಅಂತ ಬಾಯಿಪಾಠ ಆಗಿಬಿಟ್ಟಿತ್ತು (ಎಂಟಿಯು ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ). ರೂಟರ್, ಇಂಟರ್‌ಫೇಸ್, ಹಾಕುವ ಸಂಖ್ಯೆ ಮೂರನ್ನೂ ಸ್ಕ್ರಿಪ್ಟೇ ಆರಿಸುವ ಹಾಗೆ ತಿದ್ದಿದೆ. ಎರಡನೇದು, ಒಟ್ಟಿಗೆ ಎರಡು ಫಾಲ್ಟ್ ಹಾಕಿದ್ದು. ಒಂದರ ಲಕ್ಷಣ ಇನ್ನೊಂದನ್ನ ಮುಚ್ಚಿಹಾಕಿ ಒಂದು ಗಂಟೆ ಹೋಯ್ತೇ ಹೊರತು ಕಲಿತಿದ್ದು ಏನೂ ಇಲ್ಲ. ಹತ್ತು ವಾರ ಆಗುವ ತನಕ ಒಂದೇ ಸಾಕು. ಇದರ ಜೊತೆಗೆ, ಹಳೇ ಐಓಎಸ್‌ಗೆ ಲ್ಯಾಪ್‌ಟಾಪಿನ ಓಪನ್‌ಎಸ್‌ಎಸ್‌ಎಚ್‌ನಿಂದ ಹೋದರೆ ಕೀ ಎಕ್ಸ್‌ಚೇಂಜ್ ಹೊಂದಲ್ಲ ಅಂತ ಬಾಗಿಲಲ್ಲೇ ತಡೆಯುತ್ತೆ. ಕಾನ್ಫಿಗ್ ಫೈಲಿನಲ್ಲಿ ಹಳೇ ಡಿಫಿ-ಹೆಲ್‌ಮನ್ ಗ್ರೂಪ್ 14 ಶಾ-1ನ್ನ ಲ್ಯಾಬ್ ಐಪಿಗಳಿಗೆ ಮಾತ್ರ ಸೇರಿಸಿಕೊಳ್ಳಿ, ಎಲ್ಲದಕ್ಕೂ ಬೇಡ.

ಶೋ ರನ್ ಯಾಕೆ ಬೇಡ ಅನ್ನೋದಕ್ಕೆ ಒಂದು ಫಾಲ್ಟನ್ನ ಹತ್ತಿರದಿಂದ ನೋಡೋಣ. ಆರ್1-ಆರ್2 ಲಿಂಕಿನಲ್ಲಿ ಓಎಸ್‌ಪಿಎಫ್ ನೆಟ್‌ವರ್ಕ್ ಟೈಪ್ ಎರಡೂ ಕಡೆ ಪಾಯಿಂಟ್-ಟು-ಪಾಯಿಂಟ್ ಇದೆ. ಸ್ಕ್ರಿಪ್ಟ್ ಆರ್2ದಲ್ಲಿ ಆ ಸಾಲನ್ನ ತೆಗೆಯುತ್ತೆ, ಅದು ಡೀಫಾಲ್ಟ್ ಬ್ರಾಡ್‌ಕಾಸ್ಟಿಗೆ ಮರಳುತ್ತೆ. ಎರಡಕ್ಕೂ ಹೆಲೋ 10, ಡೆಡ್ 40, ಆದ್ದರಿಂದ ನೇಬರ್ ಫುಲ್ (ಸಂಬಂಧ ಪೂರ್ತಿ ಕೂಡಿದೆ) ಅಂತಲೇ ತೋರಿಸುತ್ತೆ. ಆದರೆ ಆ ಲಿಂಕಿನ ಮೂಲಕ ಒಂದು ರೂಟೂ ಟೇಬಲ್ಲಿಗೆ ಬರಲ್ಲ. ಶೋ ರನ್ ನೋಡಿದರೆ ಆರ್2ದಲ್ಲಿ ತಪ್ಪು ಸಾಲು ಅಂತ ಯಾವುದೂ ಇಲ್ಲ, ಒಂದು ಸಾಲು ಇಲ್ಲ ಅಷ್ಟೆ. ಇಲ್ಲದ ಸಾಲು ಕಣ್ಣಿಗೆ ಬೀಳಲ್ಲ. 'ಶೋ ಐಪಿ ಓಎಸ್‌ಪಿಎಫ್ ನೇಬರ್' ಹೊಡೆದರೆ ಒಂದು ಕಡೆ ಫುಲ್ ಪಕ್ಕ ಬರೀ ಗೆರೆ, ಇನ್ನೊಂದು ಕಡೆ ಡಿಆರ್ ಅಥವಾ ಬಿಡಿಆರ್ (ಬ್ರಾಡ್‌ಕಾಸ್ಟಿನಲ್ಲಿ ಆರಿಸುವ ಮುಖ್ಯ, ಬದಲಿ ರೂಟರ್) ಅಂತ ಇರುತ್ತೆ. ಅಷ್ಟರಲ್ಲೇ ಫಾಲ್ಟ್ ಸಿಕ್ಕಿತು. ಇನ್ನೂ ಖಾತ್ರಿ ಬೇಕಾದರೆ 'ಶೋ ಐಪಿ ಓಎಸ್‌ಪಿಎಫ್ ಡೇಟಾಬೇಸ್ ರೂಟರ್' ಕೊಡಿ, ಅದೇ ಲಿಂಕನ್ನ ಆರ್1 'ಪಾಯಿಂಟ್-ಟು-ಪಾಯಿಂಟ್' ಅಂತಲೂ ಆರ್2 'ಟ್ರಾನ್ಸಿಟ್ ನೆಟ್‌ವರ್ಕ್' ಅಂತಲೂ ಬರೆದಿರುತ್ತೆ. ಇದನ್ನ ಹುಡುಕೋಕೆ ಮೊದಲ ಸಲ 35 ನಿಮಿಷ ಹಿಡಿದಿತ್ತು. ಮೂರನೇ ಸಲ ಎರಡೇ ನಿಮಿಷ.

ಎಂಟಿಯು ಫಾಲ್ಟೂ ಅಷ್ಟೇ ಒಳ್ಳೇದು. ಒಂದು ಕಡೆ 'ಐಪಿ ಎಂಟಿಯು 1400' ಹಾಕಿದರೆ ಫುಲ್ ಆಗುವ ಮುಂಚಿನ ಹಂತಗಳಲ್ಲೇ, ಒಂದು ರೂಟರ್ ಎಕ್ಸ್‌ಸ್ಟಾರ್ಟ್, ಇನ್ನೊಂದು ಎಕ್ಸ್‌ಚೇಂಜ್‌ನಲ್ಲಿ ನಿಂತುಬಿಡುತ್ತೆ. ಮಾಮೂಲಿ ಪಿಂಗ್ 100 ಬೈಟ್, ಅದು ಸಲೀಸಾಗಿ ಹೋಗುತ್ತೆ. ಎಂಟಿಯು ಕಡಿಮೆ ಇರುವ ಕಡೆಯಿಂದ ಸೈಜ್ 1500, ಡಿಎಫ್ ಬಿಟ್ (ತುಂಡು ಮಾಡಬೇಡ ಅನ್ನೋ ಗುರುತು) ಹಾಕಿ ಪಿಂಗ್ ಮಾಡಿದರೆ ಬಣ್ಣ ಬಯಲು. 'ಎಂಟಿಯು ಇಗ್ನೋರ್' ಹಾಕಿ ಫುಲ್ ಮಾಡಿಕೊಳ್ಳಬಹುದು, ಆದರೆ ಅದು ಗಾಯಕ್ಕೆ ಬಟ್ಟೆ ಮುಚ್ಚಿದ ಹಾಗೆ. ಟೈಮರ್ ಹೊಂದದಿದ್ದರೆ 'ಡಿಬಗ್ ಐಪಿ ಓಎಸ್‌ಪಿಎಫ್ ಹೆಲೋ' ಸಾಕು. ಅದರಲ್ಲಿ ಆರ್ ಅಂದರೆ ಬಂದಿದ್ದು, ಸಿ ಅಂದರೆ ನಮ್ಮಲ್ಲಿರೋದು.

ನ್ಯಾಟ್‌ನಲ್ಲಿ (ಒಳಗಿನ ಐಪಿಯನ್ನ ಹೊರಗಿನ ಐಪಿಗೆ ಬದಲಿಸೋದು) ನನ್ನ ಮೆಚ್ಚಿನ ಫಾಲ್ಟ್ ಇದು: ಲ್ಯಾನ್ 192.168.10.0/23, ಎಸಿಎಲ್‌ನಲ್ಲಿ (ಯಾರಿಗೆ ಅನುಮತಿ ಅನ್ನೋ ಪಟ್ಟಿ) ವೈಲ್ಡ್‌ಕಾರ್ಡ್ 0.0.0.255. 10ರಲ್ಲಿರುವ ಪಿಸಿ ಹೊರಗೆ ಹೋಗುತ್ತೆ, 11ರಲ್ಲಿರೋದು ಹೋಗಲ್ಲ. ಬೇಕಿದ್ದದ್ದು 0.0.1.255. ಈಥರ್‌ಚಾನೆಲ್‌ನಲ್ಲಿ (ಹಲವು ಕೇಬಲ್ಲನ್ನ ಒಂದೇ ಲಿಂಕ್ ಮಾಡೋದು) ಎರಡೂ ಕಡೆ ಪ್ಯಾಸಿವ್ ಹಾಕಿ ಕೂರೋದು, ಎಸಿಎಲ್ ಕೊನೆಯ ಡಿನೈ ಮರೆಯೋದು ಇವೆಲ್ಲ ನಿಮಗೂ ಗೊತ್ತು. ಸಬ್‌ನೆಟ್ ಲೆಕ್ಕ ಒಂದಕ್ಕೆ 15 ಸೆಕೆಂಡಿನೊಳಗೆ ಬರಬೇಕು. 10.20.30.77/27 ಅಂದ ಕೂಡಲೇ 64ರಿಂದ 95 ಅಂತ ಬಾಯಿಗೆ ಬರಬೇಕು. 

ಸ್ವಿಚ್ಚುಗಳ ನಡುವೆ ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಅಳೆಯೋಕೆ ಹೋಗಿ ಒಂದು ವಾರವೇ ಹೋಯ್ತು, ಸಿಲಬಸ್ಸಿಗೆ ಅಷ್ಟು ಬೇಕಿರಲಿಲ್ಲ. ಪ್ರಯಾರಿಟಿ ಮುಟ್ಟದೆ ಬಿಟ್ಟರೆ ಮೂರರಲ್ಲಿ ಮ್ಯಾಕ್ ಅಡ್ರೆಸ್ ಸಣ್ಣದಿರುವ ಸ್ವಿಚ್ಚೇ ರೂಟ್ (ಮುಖ್ಯ ಸ್ವಿಚ್) ಆಗುತ್ತೆ, ನನ್ನಲ್ಲಿ ಅದು ಎಲ್ಲಕ್ಕಿಂತ ಹಳೇದು. ಅದರ ಹಳೇ ಬಗೆಯಾದ ಪಿವಿಎಸ್‌ಟಿಯಲ್ಲಿ ನೇರ ಲಿಂಕ್ ಕಿತ್ತರೆ ಸೆಕೆಂಡಿಗೊಂದು ಪಿಂಗಿನಲ್ಲಿ ಮೂವತ್ತರ ಹತ್ತಿರ ಬಿದ್ದವು. ದೂರದ ಲಿಂಕ್ ಕಿತ್ತರೆ ಐವತ್ತರ ತನಕ, ಮ್ಯಾಕ್ಸ್ ಏಜ್‌ನ 20 ಸೆಕೆಂಡ್ ಸೇರಿಕೊಳ್ಳುತ್ತೆ. ರ‍್ಯಾಪಿಡ್‌ಗೆ ಬದಲಿಸಿದ ಮೇಲೆ ಒಂದು, ಕೆಲವೊಮ್ಮೆ ಅದೂ ಇಲ್ಲ. ಪೋರ್ಟ್‌ಫಾಸ್ಟ್ (ಕಾಯದೆ ಪೋರ್ಟ್ ತೆರೆಯುವ ಸೆಟ್ಟಿಂಗ್) ಇಲ್ಲದ ಪೋರ್ಟಿಗೆ ಪಿಸಿ ಹಾಕಿದರೆ, ಐಪಿ ಹಂಚುವ ಡಿಎಚ್‌ಸಿಪಿಗೆ ಕಾದು ಕಾದು ವಿಂಡೋಸ್ ತಾನೇ 169.254ರ ಐಪಿ ಹಾಕಿಕೊಂಡು ಕೂರುತ್ತೆ. ಆಫೀಸಿನಲ್ಲಿ "ಬೆಳಿಗ್ಗೆ ನೆಟ್ ಬರಲ್ಲ, ಹತ್ತು ನಿಮಿಷ ಬಿಟ್ಟು ಬರುತ್ತೆ" ಅನ್ನೋ ದೂರು ಬಂದಾಗ ಈಗ ಮೊದಲು ಅಲ್ಲೇ ನೋಡುತ್ತೇನೆ.

ಎಲ್ಲಕ್ಕೂ ಈ ವಿಧಾನ ಒಗ್ಗಲ್ಲ. ವೈರ್‌ಲೆಸ್ ಕಂಟ್ರೋಲರ್ ಮನೆಯಲ್ಲಿ ಇರಲಿಲ್ಲ, ಅದಕ್ಕೆ ಪ್ಯಾಕೆಟ್ ಟ್ರೇಸರೇ ಗತಿ. ಜೇಸಾನ್ ಓದೋದು, ರೆಸ್ಟ್ ಎಪಿಐ ಇವನ್ನ ಕೂತು ಓದಲೇಬೇಕು. ಅವಕ್ಕೆ ಭಾನುವಾರ ಮೂರು ಮೂರು ಗಂಟೆ ಇಟ್ಟಿದ್ದೆ. ವಾರದ ದಿನ ಒಂದೂವರೆ ಗಂಟೆ: ಒಂದು ಫಾಲ್ಟ್, ಸಿಕ್ಕರೂ ಸಿಗದಿದ್ದರೂ ಆಮೇಲೆ ಆ ವಿಷಯವನ್ನ ಮಾತ್ರ ಓದೋದು. ಕೆಟ್ಟಿದ್ದನ್ನ ನೋಡಿದ ಮೇಲೆ ಓದಿದ ಪುಟ ಮರೆಯಲ್ಲ. ಒಟ್ಟು 110ರ ಸುತ್ತ ಫಾಲ್ಟ್ ಆಗಿರಬಹುದು. ಶುರುವಿನಲ್ಲಿ ಸರಾಸರಿ 25 ನಿಮಿಷ ಹಿಡಿಯುತ್ತಿತ್ತು, ಕೊನೆಯ ತಿಂಗಳು ಆರೇಳು ನಿಮಿಷ. ಆರೂ ಡಬ್ಬ ಸೇರಿ ಅಂದಾಜು 200 ವ್ಯಾಟ್, ಇಡೀ ಅವಧಿಗೆ ಕರೆಂಟ್ ಬಿಲ್ಲಿನಲ್ಲಿ ಮುನ್ನೂರು ರೂಪಾಯಿ ಕೂಡ ಏರಲಿಲ್ಲ. ಫ್ಯಾನಿನ ಸದ್ದು ಮಾತ್ರ ಜೋರು, ಮಲಗುವ ಕೋಣೆಯಲ್ಲಿ ಇಡಬೇಡಿ.

ಪರೀಕ್ಷೆಯೊಳಗೆ ಏನು ಬಂತು ಅನ್ನೋದನ್ನ ಹೇಳಲ್ಲ ಅಂತ ಒಪ್ಪಿಕೊಂಡೇ ಕೂರೋದು, ಹೇಳೋದಿಲ್ಲ. 120 ನಿಮಿಷ, ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ವಾಪಸ್ ಬರೋಕಾಗಲ್ಲ. ಎಂಟು ನಿಮಿಷದ ಕಟ್ಟುಪಾಡು ಅಲ್ಲಿ ನನಗೆ ಹೊತ್ತು ಉಳಿಸಿತು, ಕೊನೆಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಮಿಕ್ಕಿತ್ತು. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಕಟ್ಟಬಹುದು ಅನ್ನೋ ನಿಯಮ ಇದೆ. ಹಾಗೆ ಆತುರದಲ್ಲಿ ಕಟ್ಟಬೇಡಿ, ಇನ್ನೊಂದು 30,000 ಹೋಗುತ್ತೆ.

ಆಮೇಲೆ ಎರಡು ರೂಟರ್, ಎರಡು ಸ್ವಿಚ್, ಕೇಬಲ್ ಸಮೇತ 8,000ಕ್ಕೆ ಇನ್ನೊಬ್ಬರಿಗೆ ಕೊಟ್ಟೆ. ಕೊಡುವ ಮುಂಚೆ 'ರೈಟ್ ಇರೇಸ್' ಮಾಡಿ, ಎಸ್‌ಎಸ್‌ಎಚ್‌ನ ಆರ್‌ಎಸ್‌ಎ ಕೀ ಜೀರೋಯೈಸ್ ಮಾಡಿ (ಅಳಿಸಿ), ವಿಲ್ಯಾನ್ ಡಾಟ್ ಡ್ಯಾಟ್ ಅಳಿಸಿ, ಒಮ್ಮೆ ರೀಲೋಡ್ ಮಾಡಿ ನೋಡಿದೆ. 'ಶೋ ವಿಲ್ಯಾನ್ ಬ್ರೀಫ್'ನಲ್ಲಿ ಸ್ವಿಚ್ಚಿನ ಜೊತೆಗೇ ಬರುವ 1 ಮತ್ತು 1002ರಿಂದ 1005 ಬಿಟ್ಟು ಬೇರೇನೂ ಇರಲಿಲ್ಲ.